ಎರಡು ಪುಟಗಳ ನಡುವೆ

"ಕೈ ತೊಳ್ಕೊಂಡ್ರಾ?"

ಬೆನ್ನ ಹಿಂದಿನಿಂದ ಬಂದ ಮಾತಿಗೆ ಅವಳು ತಿರುಗಿ ನೋಡಿದಳು. ನೀಲಿ ಬಟ್ಟೆ, ಬಾಯಿಗೆ ಮಾಸ್ಕ್, ಮಾಸ್ಕಿನ ಮೇಲೆ ಎರಡು ಕಣ್ಣು. ಆ ಕಣ್ಣುಗಳಲ್ಲಿ ಸ್ವಾಗತವಂತೂ ಇರಲಿಲ್ಲ.

"ನಾನು ಮಕ್ಕಳನ್ನ ಮುಟ್ಟೋಕೆ ಬಂದಿಲ್ಲ. ಈ ಪೆಟ್ಟಿಗೆ ನೋಡೋಕೆ ಬಂದಿದ್ದೀನಿ. ಇದರ ಪ್ರೋಗ್ರಾಂ ಬರೆದವಳು ನಾನೇ."

"ಸಂತೋಷ. ನೀವು ಮುಟ್ಟಿದ ಮೇಲೆ ಆ ಪೆಟ್ಟಿಗೇನ ನಾನು ಮುಟ್ತೀನಿ. ನಾನು ಪೆಟ್ಟಿಗೆ ಮುಟ್ಟಿದ ಮೇಲೆ ಇವಳನ್ನ ಮುಟ್ತೀನಿ."

ಅವನು ತೋರಿಸಿದ ಕಡೆ ಒಂದು ಗಾಜಿನ ತೊಟ್ಟಿಲು. ಒಳಗೆ ಒಂದು ಮಗು. ಮಗು ಎನ್ನಬೇಕೋ, ಮಗುವಾಗಲು ಹೊರಟಿರುವ ಜೀವ ಎನ್ನಬೇಕೋ... ಅಷ್ಟು ಚಿಕ್ಕದು. ಎದೆ ಮಾತ್ರ ಪಟಪಟ ಏರಿಳಿಯುತ್ತಿತ್ತು.

"ಬೇಸಿನ್ ಆ ಕಡೆ ಇದೆ," ಎಂದನು ಅವನು. "ಮೊಣಕೈವರೆಗೂ."

ನಮ್ಮ ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಬೇರೆ ದಿನವಾಗಿದ್ದರೆ ನಾಲ್ಕು ಮಾತು ಆಡಿಯೇ ತೀರುತ್ತಿದ್ದಳು. ಅಂದು ಏನೋ, ಬಾಯಿ ಮುಚ್ಚಿಕೊಂಡು ಹೋಗಿ ಕೈ ತೊಳೆದಳು. ಮೊಣಕೈವರೆಗೂ.

'ಎಂಥ ಜಂಭ ಇವನಿಗೆ...' ಎಂದುಕೊಂಡೇ ತೊಳೆದಳು, ಅದು ಬೇರೆ ವಿಷಯ.

ಅದು ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಾರ್ಡು. ಗೋಡೆಗೆ ಹೊಸದಾಗಿ ಕೂರಿಸಿದ ಚಿಕ್ಕ ಪೆಟ್ಟಿಗೆ ಅವಳ ಕಂಪನಿಯದು. ಯಾವ ಮಗು ಯಾವ ತೊಟ್ಟಿಲಲ್ಲಿದೆ, ಯಾವ ತೊಟ್ಟಿಲಿಗೆ ಯಾವ ಔಷಧಿ ಎಷ್ಟು ಹೋಯಿತು, ಕೊಟ್ಟವರು ಯಾರು... ನರ್ಸ್‌ಗಳು ಪರದೆಯ ಮೇಲೆ ಒತ್ತಿದ್ದೆಲ್ಲ ಅದರೊಳಗೆ ಉಳಿಯುತ್ತಿತ್ತು. ಪೆಟ್ಟಿಗೆ ನೆಟ್‌ವರ್ಕನ್ನಾಗಲಿ ದೂರದ ದೊಡ್ಡ ಕಂಪ್ಯೂಟರನ್ನಾಗಲಿ ನಂಬಿ ಕೂತಿರಲಿಲ್ಲ. ಒಂದು ಪುಟ್ಟ ಡೇಟಾಬೇಸನ್ನು ಅವಳು ತನ್ನ ಪ್ರೋಗ್ರಾಮಿನ ಹೊಟ್ಟೆಯೊಳಗೇ ಕೂರಿಸಿದ್ದಳು. ಹೊಸ ಪೆಟ್ಟಿಗೆ ಪಳಗುವವರೆಗೆ ಅವಳು ದಿನವೂ ವಾರ್ಡಿಗೆ ಬರಬೇಕಿತ್ತು.

ದಿನವೂ ಬಂದಳು. ದಿನವೂ ಅವನನ್ನು ನೋಡಿದಳು.

ಅವನು ಆ ವಾರ್ಡಿನ ನರ್ಸ್. ಹೆಬ್ಬೆರಳಿನಷ್ಟು ದಪ್ಪವೂ ಇಲ್ಲದ ಕಾಲನ್ನು ಎರಡು ಬೆರಳಲ್ಲಿ ಎತ್ತಿ ಬಟ್ಟೆ ಬದಲಿಸುವಾಗ ಅವನ ಇಡೀ ದೇಹ ನಿಧಾನವಾಗುತ್ತಿತ್ತು. ಮಕ್ಕಳಿಗೆ ಹೆತ್ತವರು ಹೆಸರಿಡುವ ಮೊದಲೇ ಇವನು ಇಡುತ್ತಿದ್ದ. ಅತಿ ಚಿಕ್ಕವಳು ಗುಬ್ಬಿ. ತೂಕ ಕೂಡಿಸಿಕೊಂಡು, ಹಸಿವಾದರೆ ವಾರ್ಡನ್ನೇ ಎಬ್ಬಿಸುವ ಹುಡುಗ ಪೈಲ್ವಾನ. "ಪೈಲ್ವಾನ್ರೇ, ಸ್ವಲ್ಪ ತಡ್ಕೊಳ್ಳಿ, ಹಾಲು ಬಿಸಿ ಆಗ್ತಿದೆ," ಎಂದು ಅವನು ಗೌರವದಿಂದ ಹೇಳುವಾಗ ಅವಳು ಲ್ಯಾಪ್‌ಟಾಪಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಆ ಆಸ್ಪತ್ರೆಯಲ್ಲಿ ಹೆಂಗಸರಾದರೆ ಸಿಸ್ಟರ್, ಗಂಡಸರಾದರೆ ಬ್ರದರ್. ಡಾಕ್ಟರಮ್ಮನಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವನು ಬ್ರದರ್. ಮೊದಲ ವಾರ ಅವಳೂ ಹಾಗೇ ಕರೆದಳು. ಎರಡನೆಯ ವಾರ ಯಾಕೋ ನಾಲಿಗೆ ಏಳಲಿಲ್ಲ. "ಇಲ್ನೋಡಿ," "ಸ್ವಲ್ಪ ಬನ್ನಿ," "ಕೇಳಿಸ್ತಾ?" ಎನ್ನುತ್ತ ಕಾಲ ತಳ್ಳಿದಳು.

ಮನೆಯಲ್ಲಿ ಚಿಕ್ಕಮ್ಮ ಸಂಜೆಯಾದರೆ ಕೇಳುತ್ತಿದ್ದಳು, "ಏನಂತು ಪುಟ್ಟಿ, ಇವತ್ತು ನಿನ್ನ ಪೆಟ್ಟಿಗೆ?"

"ಚೆನ್ನಾಗಿದೆ ಚಿಕ್ಕಮ್ಮ."

"ಪೆಟ್ಟಿಗೆಗೆ ಕೈಕಾಲು ಇದ್ಯಾ? ಇಲ್ಲ, ಎರಡು ವಾರದಿಂದ ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ತಿದ್ದೀಯ, ಅದಕ್ಕೇ ಕೇಳ್ದೆ."

ಅವಳು ಕೆಂಪಾಗಿ ಒಳಗೆ ಓಡಿದಳು.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ತಾನಾಗಿಯೇ ಚಹಾ ಲೋಟ ಹಿಡಿದು ಬಂದು ಎದುರು ಕುಳಿತನು. ಮಾಸ್ಕ್ ಇಲ್ಲದ ಮುಖ. ಗಲ್ಲದ ಮೇಲೊಂದು ಚಿಕ್ಕ ಗಾಯದ ಗುರುತು.

"ಮೇಡಂ, ಒಂದು ಅನುಮಾನ. ನಾವೆಲ್ಲ ಆ ಪರದೆ ಮೇಲೆ ಒತ್ತಾನೇ ಇರ್ತೀವಿ. ಅದೇ ಹೊತ್ತಿಗೆ ಡಾಕ್ಟರಮ್ಮ ರಿಪೋರ್ಟ್ ಕೇಳ್ತಾರೆ. ಅರ್ಧ ಬರೆದದ್ದೆಲ್ಲ ಅವರಿಗೆ ಕಲಸುಮೇಲೋಗರ ಆಗಿ ಕಾಣಲ್ವಾ?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಅವಳ ಕಣ್ಣು ಅರಳಿತು.

"ಅದೇ ಚೆಂದ ಅದರದ್ದು. ಡಾಕ್ಟರಮ್ಮ ಓದೋಕೆ ಶುರು ಮಾಡಿದ ಕ್ಷಣದಲ್ಲಿ ವಾರ್ಡ್ ಹೇಗಿತ್ತೋ, ಅದರ ಪೂರ್ತಿ ಚಿತ್ರ ಅವರ ಕೈಗೆ ಸಿಗುತ್ತೆ. ಸ್ನ್ಯಾಪ್‌ಶಾಟ್ ಅಂತಾರೆ. ಆಮೇಲೆ ನೀವು ಎಷ್ಟು ಬೇಕಾದ್ರೂ ಬರೀರಿ, ಅವರು ನೋಡ್ತಿರೋ ಚಿತ್ರ ಅಲ್ಲಾಡಲ್ಲ. ಅರ್ಧ ಬರೆದದ್ದು ಅವರ ಕಣ್ಣಿಗೆ ಬೀಳೋದೇ ಇಲ್ಲ."

"ಹಾಗಾದ್ರೆ ಅವರು ಓದಿ ಮುಗಿಸೋವರೆಗೂ ನಾವು ಕಾಯ್ಬೇಕಾ?"

"ಬೇಡ. ಬದಲಾದದ್ದನ್ನ ಅದು ಹೊಸ ಹಾಳೆಯಲ್ಲಿ ಬರೆಯುತ್ತೆ. ಹಳೇ ಹಾಳೇನ ಓದೋರು ಇರೋವರೆಗೂ ಹರಿದು ಹಾಕಲ್ಲ. ಓದೋರು ಬರೆಯೋರಿಗೆ ಅಡ್ಡ ಬರಲ್ಲ, ಬರೆಯೋರು ಓದೋರಿಗೆ ಅಡ್ಡ ಬರಲ್ಲ."

"ಓದೋರು ಹಿಡಿದದ್ದನ್ನ ಬಿಡದೇ ಕೂತ್ರೆ?"

"ಹಳೇ ಹಾಳೆ ಸೇರ್ತಾ ಸೇರ್ತಾ ಪೆಟ್ಟಿಗೆ ಊದ್ಕೊಳ್ಳುತ್ತೆ. ಅದೊಂದೇ ಅದಕ್ಕೆ ಆಗದೇ ಇರೋದು. ಅದಕ್ಕೇ ನಾನು ಕೆಲಸ ಆದ ತಕ್ಷಣ ಬಿಟ್ಬಿಡ್ತೀನಿ."

ಅವನು ಲೋಟ ತಿರುಗಿಸುತ್ತ ಕೇಳಿಸಿಕೊಂಡನು.

"ಯಾರೂ ಯಾರಿಗೂ 'ತಡಿ, ನಂದು ಆಗ್ಲಿ' ಅನ್ನೋ ಹಾಗಿಲ್ಲ," ಎಂದನು. "ನಮ್ಮಕ್ಕನ ಮನೆಗೂ ಒಂದು ಹಾಕ್ಸಿಕೊಡಿ ಮೇಡಂ. ಬೆಳಗ್ಗೆ ಬಚ್ಚಲುಮನೆ ಬಾಗಿಲಿಗೆ ಬೇಕಾಗಿದೆ."

ಅವಳು ನಗುವಾಗ ಚಹಾ ನೆತ್ತಿಗೆ ಹತ್ತಿತು. ಅವನು ನೀರಿನ ಲೋಟ ಮುಂದೆ ತಳ್ಳಿದನು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ತಾಗಲೇ ಇಲ್ಲವೆಂಬಂತೆ ಕುಳಿತರು.

'ಜಂಭ ಅಂದ್ಕೊಂಡಿದ್ದೆ... ಇವನಿಗೆ ಜಂಭವೇ ಇಲ್ಲ. ಮಕ್ಕಳ ವಿಷಯಕ್ಕೆ ಬಂದ್ರೆ ಮಾತ್ರ ಯಾರ ಮುಖಾನೂ ನೋಡಲ್ಲ.'

ಹೀಗೆ ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗಲೇ ಆ ಬುಧವಾರ ಬಂತು.

ಗುಬ್ಬಿ ಕಿಟಕಿಯ ಪಕ್ಕದ ತೊಟ್ಟಿಲಲ್ಲಿದ್ದಳು. ಪೈಲ್ವಾನ ಬಿಸಿ ದೀಪದ ಕೆಳಗಿನ ತೊಟ್ಟಿಲಲ್ಲಿದ್ದ. ಗುಬ್ಬಿಯ ಮೈ ತಣ್ಣಗಾಗತೊಡಗಿತು. ಇಬ್ಬರನ್ನೂ ಅದಲುಬದಲು ಮಾಡುವಂತೆ ಡಾಕ್ಟರಮ್ಮ ಹೇಳಿ ಹೋದರು. ಅವನು ಮಾಡಿದನು. ಮಾಡಿ, ಕಿಟಕಿ ತೊಟ್ಟಿಲಿಗೆ ಬಂದ ಪೈಲ್ವಾನನಿಗೆ ಅವನ ತೂಕಕ್ಕೆ ತಕ್ಕ ಔಷಧಿ ಕೊಟ್ಟು, ಎರಡನ್ನೂ ಪರದೆಯಲ್ಲಿ ಒತ್ತಿದನು.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ರಿಪೋರ್ಟಿನ ಎರಡು ಪುಟ ಹಿಡಿದು ಬಂದರು. ಅವರ ಮುಖ ಬಿಗಿದುಕೊಂಡಿತ್ತು.

"ಬ್ರದರ್, ಇದೇನು? ಕಿಟಕಿ ತೊಟ್ಟಿಲಲ್ಲಿ ಗುಬ್ಬಿ ಇದ್ದಾಗ ದೊಡ್ಡ ಹುಡುಗನ ಡೋಸ್ ಹೋಗಿದೆ ಅಂತ ಇದೆ."

"ಇಲ್ಲ ಮೇಡಂ. ಮೊದಲು ಮಕ್ಕಳನ್ನ ಬದಲಾಯಿಸಿದೆ. ಆಮೇಲೆ ಕೊಟ್ಟಿದ್ದು."

"ಇದು ಹಾಗೆ ಹೇಳ್ತಿಲ್ಲ." ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ನೀವು ಹೇಳಿ. ಹಳೇದೂ ಹೊಸದೂ ಬೆರೆತು ಹೀಗೆ ಬಂದಿರೋ ಸಾಧ್ಯತೆ ಇದ್ಯಾ?"

ಅವಳಿಗೆ ಅದು ಚೆನ್ನಾಗಿ ಗೊತ್ತಿದ್ದ ವಿಷಯ. ತಾನು ಮೆಚ್ಚಿದ, ಕಣ್ಣು ಮುಚ್ಚಿ ನಂಬಿದ ವಿಷಯ. ಉತ್ತರ ತಾನಾಗಿಯೇ ಬಾಯಿಗೆ ಬಂತು.

"ಇಲ್ಲ ಡಾಕ್ಟರ್. ಅದು ಒಂದೇ ಕ್ಷಣದ ಚಿತ್ರ ಕೊಡುತ್ತೆ. ಬೆರೆಯೋಕೆ ಸಾಧ್ಯವೇ ಇಲ್ಲ."

ಮಾತು ಮುಗಿದ ಮೇಲೆ ಅವಳಿಗೆ ತಾನೇನು ಹೇಳಿದೆನೆಂಬುದು ಹೊಳೆಯಿತು. ಅವನು ಅವಳನ್ನೇ ನೋಡುತ್ತಿದ್ದನು. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ವಿಚಾರಣೆ ಸೋಮವಾರಕ್ಕೆ ಎಂದಾಯಿತು. ಅಲ್ಲಿಯವರೆಗೆ ಅವನು ಮಕ್ಕಳನ್ನು ಮುಟ್ಟುವಂತಿಲ್ಲ, ಕೆಳಗಿನ ಬಟ್ಟೆ ಕೋಣೆಯಲ್ಲಿ ಕೆಲಸ. ತಪ್ಪು ಎಂದು ತೀರ್ಮಾನವಾದರೆ ಆ ವಾರ್ಡಿಗಲ್ಲ, ಯಾವ ಮಕ್ಕಳ ವಾರ್ಡಿಗೂ ಅವನು ಮತ್ತೆ ಕಾಲಿಡುವಂತಿರಲಿಲ್ಲ.

ಅವನು ಗುಬ್ಬಿಯ ತೊಟ್ಟಿಲ ಮುಂದೆ ಒಂದು ಗಳಿಗೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಹೊರಟುಹೋದನು.

ಅವಳಿಗೆ ಅನ್ನ ಸೇರಲಿಲ್ಲ. 'ಅವನು ದಣಿದಿದ್ದ. ಎರಡು ದಿನದಿಂದ ಸತತ ಡ್ಯೂಟಿ ಇತ್ತು. ಯಾರಿಗಾದ್ರೂ ಆಗಬಹುದು...' ಎಂದು ಅವನ ಪರವಾಗಿ ವಾದ ಹೂಡುತ್ತಿದ್ದಳು. ಹಾಗೆ ವಾದಿಸುವಾಗಲೇ ಅವನು ತಪ್ಪು ಮಾಡಿದನೆಂದು ತಾನು ಒಪ್ಪಿಬಿಟ್ಟಿದ್ದೇನೆ ಎಂಬುದು ಅವಳಿಗೆ ತಿಳಿಯಲೇ ಇಲ್ಲ. ಪಾಪ, ಪ್ರೀತಿಸುವವರು ಮಾಡುವ ಮೋಸ ಹೀಗೂ ಇರುತ್ತದೆ.

ಶುಕ್ರವಾರ ವಾರ್ಡಿನ ಹೊರಗಿನ ಬೆಂಚಿನಲ್ಲಿ ಗುಬ್ಬಿಯ ಅಮ್ಮ ಕುಳಿತಿದ್ದಳು. ಅವಳ ಕಣ್ಣು ತಪ್ಪಿಸಿ ಒಳಗೆ ಹೋಗಲು ಆಗಲಿಲ್ಲ.

"ಮಗು ಹೇಗಿದ್ದಾಳೆ?" ಎಂದಳು ನಮ್ಮ ಹುಡುಗಿ.

"ಚೆನ್ನಾಗಿದ್ದಾಳೆ. ಹಾಲು ಕುಡಿದ್ಲು. ಬ್ರದರ್ ಯಾವಾಗ ಬರ್ತಾರಂತೆ?"

"ನಿಮಗೆ... ಹೇಳಿಲ್ವಾ, ಏನಾಯ್ತು ಅಂತ?"

"ಹೇಳಿದ್ರು. ಜೀವ ಹಾರಿಹೋಯ್ತು ನಂಗೆ. ಸೀದಾ ಕೆಳಗೆ ಹೋಗಿ ಅವರನ್ನೇ ಕೇಳಿದೆ. ನನ್ನ ಮಗೂಗೆ ನೀವು ತಪ್ಪು ಔಷಧಿ ಕೊಟ್ರಾ ಅಂತ. ಇಲ್ಲಮ್ಮ ಅಂದ್ರು."

"ಅಷ್ಟೇನಾ?"

"ಇನ್ನೇನು ಬೇಕು? ಇಷ್ಟು ದಿನ ನೋಡಿದ್ದೀನಲ್ಲ. ಕೊಟ್ಟಿದ್ರೆ ಕೊಟ್ಟೆ ಅಂತಿದ್ರು. ಸುಳ್ಳು ಹೇಳೋ ಜೀವ ಅಲ್ಲ ಅದು."

ಅವಳು ಅಲ್ಲೇ ಬೆಂಚಿನ ತುದಿಯಲ್ಲಿ ಕುಳಿತಳು.

ತಾನು ಕೇಳಿರಲಿಲ್ಲ! ಬುಧವಾರದಿಂದ ಒಮ್ಮೆಯೂ ಕೇಳಿರಲಿಲ್ಲ. ಪೆಟ್ಟಿಗೆಯನ್ನು ಕೇಳಿದ್ದಳು, ಕಾಗದವನ್ನು ಕೇಳಿದ್ದಳು, ತನ್ನ ಮನಸ್ಸನ್ನು ಕೇಳಿ ಕೇಳಿ ದಣಿದಿದ್ದಳು. ಅವನನ್ನು ಒಂದು ಮಾತು ಕೇಳಿರಲಿಲ್ಲ.

ಬಟ್ಟೆ ಕೋಣೆಯಲ್ಲಿ ಅವನು ಪುಟ್ಟ ಪುಟ್ಟ ಹೊದಿಕೆಗಳನ್ನು ಮಡಚಿಡುತ್ತಿದ್ದನು. ಅವಳನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ಒಂದು ಕೇಳ್ಬೇಕಿತ್ತು," ಎಂದಳು.

"ಕೇಳಿ ಮೇಡಂ."

"ಗುಬ್ಬಿಗೆ ಆ ಡೋಸ್ ಕೊಟ್ರಾ ನೀವು?"

ಅವನ ಕೈ ನಿಂತಿತು. "ಇಲ್ಲ. ಮೊದಲು ಬದಲಾಯಿಸಿದೆ, ಆಮೇಲೆ ಪೈಲ್ವಾನನಿಗೆ ಕೊಟ್ಟೆ."

"ಸರಿ."

"ಏನು ಸರಿ? ನಿಮ್ಮ ಪೆಟ್ಟಿಗೆ ಸುಳ್ಳು ಹೇಳಲ್ಲ ಅಂತ ನೀವೇ ಹೇಳಿದ್ರಿ."

"ಅದೂ ಸುಳ್ಳು ಹೇಳಲ್ಲ," ಎಂದಳು ಅವಳು. "ನೀವೂ ಹೇಳಲ್ಲ."

"ಹಾಗಾದ್ರೆ?"

"ಮಧ್ಯದಲ್ಲಿ ಇರೋದು ನಾನೊಬ್ಬಳೇ."

ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿ ಹೋಗಿಯಾಗಿತ್ತು.

ತಾನೇ ಬರೆದ ರಿಪೋರ್ಟಿನ ಪ್ರೋಗ್ರಾಮನ್ನು ಅವಳು ಮೊದಲ ಸಾಲಿನಿಂದ ಓದಿದಳು, ಶತ್ರು ಬರೆದದ್ದನ್ನು ಓದುವ ಹಾಗೆ. ಹೆಚ್ಚು ದೂರ ಹೋಗಬೇಕಾಗಲಿಲ್ಲ.

ವಾರ್ಡಿನ ಪ್ರಿಂಟರ್ ಮಹಾ ಸೋಮಾರಿ. ಒಂದು ಪುಟ ಉಗುಳುವಷ್ಟರಲ್ಲಿ ಒಂದು ಚಹಾ ಕುಡಿದು ಬರಬಹುದು. ಅಷ್ಟು ಹೊತ್ತೂ ಸ್ನ್ಯಾಪ್‌ಶಾಟ್ ಹಿಡಿದು ಕೂತರೆ ಪೆಟ್ಟಿಗೆ ಊದಿಕೊಳ್ಳುತ್ತದೆಂದು ಹೆದರಿ, ಹಿಂದಿನ ವಾರ ಅವಳೇ ಒಂದು ಬದಲಾವಣೆ ಮಾಡಿದ್ದಳು. ಯಾವ ತೊಟ್ಟಿಲಲ್ಲಿ ಯಾವ ಮಗು ಎಂದು ಓದಿ, ಸ್ನ್ಯಾಪ್‌ಶಾಟ್ ಬಿಟ್ಟು, ಮೊದಲ ಪುಟ ಮುದ್ರಿಸುವುದು. ಅದು ಮುಗಿದ ಮೇಲೆ ಹೊಸ ಸ್ನ್ಯಾಪ್‌ಶಾಟ್ ಹಿಡಿದು ಔಷಧಿಗಳನ್ನು ಓದಿ, ಮೊದಲ ಪುಟದ ಮಕ್ಕಳಿಗೆ ಜೋಡಿಸಿ, ಎರಡನೆಯ ಪುಟ ಮುದ್ರಿಸುವುದು.

ಒಂದು ಚಿತ್ರವಲ್ಲ. ಎರಡು!

ಮೊದಲ ಪುಟ ಕಿರ್ರೆನ್ನುತ್ತ ಹೊರಬರುತ್ತಿದ್ದಾಗ ಅವನು ಮಕ್ಕಳನ್ನು ಬದಲಾಯಿಸಿ ಔಷಧಿ ಕೊಟ್ಟಿದ್ದನು. ಮೊದಲ ಪುಟವೂ ನಿಜ, ಎರಡನೆಯ ಪುಟವೂ ನಿಜ. ಎರಡನ್ನೂ ಜೋಡಿಸಿದಾಗ ಹುಟ್ಟಿದ್ದು ಮಾತ್ರ ಯಾವ ಕ್ಷಣದಲ್ಲೂ ನಡೆಯದ ಸಂಗತಿ.

ಅವಳು ಪೆಟ್ಟಿಗೆಯೊಳಗೆ ನೋಡಿದಳು. ಅದು ಪ್ರತಿ ಬರವಣಿಗೆಗೂ ಸಾಲಾಗಿ ಒಂದು ಸಂಖ್ಯೆ ಹಾಕುತ್ತಿತ್ತು. ತೊಟ್ಟಿಲು ಬದಲಾದ ಸಂಖ್ಯೆ ಮೊದಲು. ಅದರ ಬೆನ್ನಿಗೇ ಔಷಧಿಯದು. ಅವನು ಹೇಳಿದ ಕ್ರಮದಲ್ಲೇ, ಅಚ್ಚುಕಟ್ಟಾಗಿ. ಆ ಪುಟ್ಟ ಡೇಟಾಬೇಸ್ ಎಲ್ಲವನ್ನೂ ಸರಿಯಾಗಿ ಇಟ್ಟುಕೊಂಡು, ಸರಿಯಾಗಿ ಓದುವವರಿಗಾಗಿ ಸುಮ್ಮನೆ ಕಾದಿತ್ತು.

ಹೊಟ್ಟೆಗೆ ಹಾಲು ಹೊಯ್ದಂತಾಯಿತು ಅವಳಿಗೆ. ಅದರ ಹಿಂದೆಯೇ ಅಳು ಬಂತು.

ಸೋಮವಾರದವರೆಗೆ ಕಾಯಲು ಅವಳಿಂದಾಗಲಿಲ್ಲ. ಶನಿವಾರ ಬೆಳಿಗ್ಗೆ ಡಾಕ್ಟರಮ್ಮ ಸುತ್ತು ಬರುವಾಗ, ಎಲ್ಲ ನರ್ಸ್‌ಗಳೂ ಅಮ್ಮಂದಿರೂ ಇರುವಾಗಲೇ ಎದುರು ಹೋಗಿ ನಿಂತಳು.

"ಡಾಕ್ಟರ್, ಬುಧವಾರ ನಾನು ಹೇಳಿದ್ದು ತಪ್ಪು. ಪೆಟ್ಟಿಗೆ ಒಂದೇ ಕ್ಷಣದ ಚಿತ್ರ ಕೊಡುತ್ತೆ, ನಿಜ. ನಾನು ಎರಡು ಕ್ಷಣದ ಚಿತ್ರ ತಗೊಂಡು ಒಂದೇ ಅಂತ ಹೊಲಿದುಬಿಟ್ಟಿದ್ದೆ. ಅವರು ಮಾಡಿದ್ದು ಸರಿ ಇತ್ತು. ತಪ್ಪು ಪೂರ್ತಿ ನಂದು."

ಸಂಖ್ಯೆಗಳನ್ನು ತೋರಿಸಿದಳು. ಡಾಕ್ಟರಮ್ಮ ಕನ್ನಡಕ ಏರಿಸಿ ಎರಡು ಸಲ ನೋಡಿದರು.

"ನಿಮ್ಮ ಕಂಪನಿಗೆ ಇದು ಗೊತ್ತಾ?"

"ಹೇಳಿದ್ದೀನಿ. ಬೈಸ್ಕೊಂಡೂ ಆಯ್ತು. ಈಗ ಎಲ್ಲ ಒಂದೇ ಸಲ ಓದಿ ಇಟ್ಕೊಂಡು, ಆಮೇಲೆ ಪ್ರಿಂಟ್ ಮಾಡುತ್ತೆ. ರಾತ್ರಿಯೆಲ್ಲ ಪರೀಕ್ಷೆ ಮಾಡಿದೆ."

ಡಾಕ್ಟರಮ್ಮ ಕಾಗದ ಮಡಚಿ ಜೇಬಿಗಿಟ್ಟರು. "ಯಾರಾದ್ರೂ ಕೆಳಗೆ ಹೋಗಿ ಬ್ರದರ್‌ನ ಕರ್ಕೊಂಡು ಬನ್ನಿ. ನಾನು ಅವರ ಹತ್ರ ಕ್ಷಮೆ ಕೇಳ್ಬೇಕು."

ಯಾರೂ ಹೋಗಬೇಕಾಗಲಿಲ್ಲ. ಗುಬ್ಬಿಯ ಅಮ್ಮ ಆಗಲೇ ಮೆಟ್ಟಿಲಿಳಿದು ಓಡಿದ್ದಳು.

ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಇನ್ನು ಇಲ್ಲಿ ಅವಳಿಗೆ ಕೆಲಸವಿರಲಿಲ್ಲ. ಅವನ ಮುಖ ನೋಡುವ ಧೈರ್ಯವಂತೂ ಇರಲಿಲ್ಲ. ಕಾರಿಡಾರಿನ ಬಾಗಿಲು ತಳ್ಳಿ ಹೊರಬಂದರೆ ಎದುರಿಗೇ ಅವನು. ಮತ್ತೆ ನೀಲಿ ಬಟ್ಟೆ.

"ಹೇಳ್ದೆ ಕೇಳ್ದೆ ಹೊರಟ್ರಾ?"

"ಏನು ಮುಖ ಇಟ್ಕೊಂಡು ಹೇಳ್ಲಿ?"

"ನನಗೆ ಬುಧವಾರ ತುಂಬ ನೋವಾಯ್ತು," ಎಂದನು ಅವನು. "ನೀವು ಪೆಟ್ಟಿಗೆ ಬಗ್ಗೆ ಹೇಳಿದ್ದಕ್ಕಲ್ಲ. ನಿಮಗೆ ಗೊತ್ತಿದ್ದನ್ನ ನೀವು ಹೇಳಿದ್ರಿ. ಆದ್ರೆ ಎರಡು ದಿನ ಆ ಕೋಣೆ ಬಾಗಿಲು ನೋಡ್ತಾ ಕೂತಿದ್ದೆ. ಬಂದು ಒಂದು ಮಾತು ಕೇಳ್ತಾರೆ ಅಂತ."

"ಬರ್ಬೇಕಿತ್ತು..." ಅವಳ ಕಣ್ಣು ತುಂಬಿತು. "ತಡ ಮಾಡ್ದೆ."

"ಶುಕ್ರವಾರ ಬಂದಾಗ ನಿಮಗೆ ಆ ಸಂಖ್ಯೆಗಳೆಲ್ಲ ಗೊತ್ತಾಗಿತ್ತಾ?"

"ಇಲ್ಲ. ಆಮೇಲೆ ನೋಡಿದ್ದು."

"ಮತ್ತೆ 'ಸರಿ' ಅಂದ್ರಲ್ಲ?"

"ನೀವು ಇಲ್ಲ ಅಂದ್ರಲ್ಲ, ಅದಕ್ಕೆ."

ಅವಳು ಚೀಲದ ಪಟ್ಟಿ ಹಿಂಡುತ್ತ ನಿಂತಳು. ಸಾಕ್ಷಿಯೊಂದೂ ಕೈಯಲ್ಲಿಲ್ಲದಾಗ ಅವಳು ಅವನ ಮಾತೊಂದನ್ನೇ ನಂಬಿ, ತಪ್ಪನ್ನು ತನ್ನಲ್ಲೇ ಹುಡುಕಲು ಹೋಗಿದ್ದಳೆಂಬುದು ಅವನಿಗೆ ಆಗ ಅರ್ಥವಾಯಿತು. ಎರಡು ದಿನದ ನೋವು ಎಲ್ಲಿ ಕರಗಿತೋ ಅವನಿಗೇ ತಿಳಿಯಲಿಲ್ಲ.

"ಕೇಳೋದು ಇನ್ನೇನಾದ್ರೂ ಉಳಿದಿದ್ಯಾ ಮೇಡಂ?" ಎಂದನು ಮೆಲ್ಲಗೆ.

"ಇದೆ."

"ಕೇಳಿಬಿಡಿ. ತಡ ಮಾಡ್ಬೇಡಿ."

"ನನಗೆ ನಿಮ್ಮನ್ನ ಕಂಡ್ರೆ ಇಷ್ಟ. ತುಂಬ ಇಷ್ಟ... ನಿಮಗೂ ಹಾಗೇನಾ?"

"ಹೌದು."

"ಯೋಚನೆ ಮಾಡಿ ಹೇಳಿ."

"ಕೆಳಗೆ ಹೊದಿಕೆ ಮಡಚ್ತಾ ಅದನ್ನೇ ಮಾಡ್ತಿದ್ದೆ. ಬೇಡ ಬೇಡ ಅಂದ್ರೂ ಉತ್ತರ ಅದೇ ಬರ್ತಿತ್ತು."

ಅವಳು ಅಳುತ್ತಲೇ ನಕ್ಕಳು. ಅವನು ಅವಳ ಕೈಯಿಂದ ಚೀಲ ತೆಗೆದುಕೊಂಡು ಬೆಂಚಿನ ಮೇಲಿಟ್ಟನು. ಚೀಲ ಬಿಟ್ಟ ಆ ಕೈಯನ್ನು ಮಾತ್ರ ಬಿಡಲಿಲ್ಲ.

ಒಳಗಿನಿಂದ ಸಣ್ಣದೊಂದು ಅಳು ಕೇಳಿತು. ಅವನ ತಲೆ ತಾನಾಗಿಯೇ ಆ ಕಡೆ ತಿರುಗಿತು.

"ಗುಬ್ಬಿ," ಎಂದನು. "ಮೂರು ದಿನದಿಂದ ಎತ್ಕೊಂಡಿಲ್ಲ ಅವಳನ್ನ."

"ಹೋಗಿ."

"ನೀವು?"

"ನಿಮ್ಮ ಡ್ಯೂಟಿ ಮುಗಿಯೋದು ಎಷ್ಟು ಹೊತ್ತಿಗೆ?"

"ಸಂಜೆ ಆಗುತ್ತೆ."

"ಆಗ್ಲಿ," ಎಂದು ಅವಳು ಬೆಂಚಿನ ಮೇಲೆ ಕುಳಿತಳು. "ನಾನಿಲ್ಲೇ ಇರ್ತೀನಿ."